ನಾಲ್ಕಾಣೆ ಇಟ್ಟು ಕೇಳಿದ ರೆಕಾರ್ಡು

ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಮುಲುಂಡ್ ಪೂರ್ವದಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದ ಮನೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮೂರು ವರ್ಷದಲ್ಲಿ ಹೊಸ ಮನೆ ಅಂದಿದ್ದಾರೆ. ಮೂರು ಅಂದರೆ ಐದು ಅಂತ ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಪೋಟ್‌ಮಾಳದ (ಅಟ್ಟದ) ಮೇಲೆ ಇದ್ದದ್ದೆಲ್ಲ ಈಗ ಹಾಲಿನಲ್ಲಿ ಹರಡಿಕೊಂಡಿದೆ: ಊರಿಂದ ತಂದ ಹಿತ್ತಾಳೆ ಹಂಡೆ, ಮಗಳ ಮೂರು ಚಕ್ರದ ಸೈಕಲ್ಲು, ಯಾರದ್ದೋ ಮದುವೆಯಲ್ಲಿ ಕೊಟ್ಟ, ಇವತ್ತಿಗೂ ಡಬ್ಬ ಒಡೆಯದ ಮೂರು ಡಿನ್ನರ್ ಸೆಟ್ಟು. ಹೆಂಡತಿ ಎರಡು ರಾಶಿ ಮಾಡಿದ್ದಾಳೆ. ಒಂದು ಹೊಸ ಮನೆಗೆ, ಒಂದು ಭಂಗಾರಿನವನಿಗೆ, ಅಂದರೆ ಗುಜರಿಗೆ.

ಇವುಗಳ ನಡುವೆ ಹಳೇ ಲುಂಗಿಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಒಳಗೆ ನಮ್ಮ ಮಾವನ ಎಚ್‌ಎಂವಿ ಫಿಯೆಸ್ಟಾ ರೆಕಾರ್ಡ್ ಪ್ಲೇಯರು, ಜೊತೆಗೆ ಹನ್ನೊಂದು ರೆಕಾರ್ಡು. ಹತ್ತು ಮಾವನದ್ದು. ಹನ್ನೊಂದನೆಯದು ನನ್ನದು, ಅಮೆರಿಕದ ಬ್ಯಾಂಡು ಬೀಚ್ ಬಾಯ್ಸ್ ಅವರ 'ಫ್ರೆಂಡ್ಸ್', 1968ರದ್ದು.

"ರೀ, ಇದು ಯಾವ ರಾಶಿ?" ಅಂತ ಕೇಳಿದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಅದರ ಬದಲು ಇದನ್ನು ಬರೆಯುತ್ತಾ ಕೂತಿದ್ದೇನೆ.

1996ರಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ತೆಗೆದುಕೊಂಡದ್ದು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಫೋರ್ಟಿನಲ್ಲಿ ಬ್ಯಾಂಕಿನ ಕೆಲಸ, ಘಾಟ್‌ಕೋಪರಿನ ಚಾಳಿನಲ್ಲಿ ಮಾವನ ಖೋಲಿಯಲ್ಲಿ ವಾಸ, ಒಂದು ಖೋಲಿಗೆ ನಾಲ್ಕು ಜನ. ಬ್ಯಾಂಕಿನ ಸಹೋದ್ಯೋಗಿಯೊಬ್ಬ ಬೀಚ್ ಬಾಯ್ಸ್ ಹಿಟ್ ಹಾಡುಗಳ ಕ್ಯಾಸೆಟ್ ಕೊಟ್ಟಿದ್ದ. ಎಲ್ಲಾ ಅಲೆ, ಹಲಗೆ, ಕಾರು, ಹುಡುಗಿ. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಸಮುದ್ರ ಅಂದರೆ ಮೀನು, ಆಷಾಢದಲ್ಲಿ ಹೆದರಿಕೆ. ಅದರಲ್ಲಿ ಹಲಗೆ ಹಿಡಿದುಕೊಂಡು ಆಡುವುದು, ಅದರ ಮೇಲೆ ಹಾಡು ಬೇರೆ ಕಟ್ಟುವುದು, ನನಗೆ ನಗು ಬರುತ್ತಿತ್ತು. (ಈಗ ಮುಲ್ಕಿಯಲ್ಲೇ ಸರ್ಫಿಂಗ್ ಕಲಿಸುತ್ತಾರೆ, ಆ ಮಾತು ಬೇರೆ.) ಆಮೇಲೆ ಗೊತ್ತಾಯಿತು, ಆ ಬ್ಯಾಂಡಿನಲ್ಲಿ ನಿಜವಾಗಿ ಸರ್ಫಿಂಗ್ ಮಾಡುತ್ತಿದ್ದವನು ಡ್ರಮ್ಮರ್ ಡೆನ್ನಿಸ್ ವಿಲ್ಸನ್ ಒಬ್ಬನೇ. ಹಾಡು ಕಟ್ಟುತ್ತಿದ್ದ ಅಣ್ಣ ಬ್ರಯನ್‌ಗೂ ಅಲೆಗೂ ಸಂಬಂಧವೇ ಇರಲಿಲ್ಲ.

ರೆಕಾರ್ಡಿನವನು ನೂರು ರೂಪಾಯಿ ಹೇಳಿದ. ಕವರಿನ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಅದನ್ನೇ ಹಿಡಿದುಕೊಂಡು ಮೂವತ್ತೈದಕ್ಕೆ ಇಳಿಸಿದೆ. ಕವರಿನ ಮೇಲೆ ಮೋಡ, ಬೆಟ್ಟ, ಬಣ್ಣದ ನಡುವೆ ಇವರ ಮುಖಗಳು. ನಮ್ಮ ಕಡೆಯ ಕ್ಯಾಲೆಂಡರಿನಲ್ಲಿ ದೇವರು ಮೋಡದಿಂದ ಇಣುಕುತ್ತಾರಲ್ಲ, ಹಾಗೆ.

ಖೋಲಿಗೆ ತಂದು ಮಾವನ ಫಿಯೆಸ್ಟಾದ ಮೇಲೆ ಹಾಕಿದೆ. ಮಾವ ಆಫೀಸೊಂದರ ಕ್ಯಾಂಟೀನು ನಡೆಸುತ್ತಿದ್ದರು, ಬೆಳಿಗ್ಗೆ ನಾಲ್ಕಕ್ಕೆ ಏಳುವವರು, ಅವರಿಗೆ ಪಿ. ಕಾಳಿಂಗ ರಾಯರು ಅಂದರೆ ಪ್ರಾಣ. ಮೊದಲ ಹಾಡು ಶುರುವಾಯಿತು. ನಿಮ್ಮ ಮನಸ್ಸಿಗೆ ಸ್ವಲ್ಪ ನೆಮ್ಮದಿ ಸಿಗಲಿ ಅಂತ ಇದನ್ನು ಹಾಡುತ್ತಿದ್ದೇವೆ ಅನ್ನುವ ಅರ್ಥದ ಎರಡು ಮಾತು, ಅಷ್ಟೇ. 38 ಸೆಕೆಂಡು.

ಮಾವ ಮಲಗಿದಲ್ಲಿಂದಲೇ ಕೇಳಿದರು. "ಎಂತ ಮಾಣಿ ಇದ್, ಶುರು ಆಪುಕ್ ಮುಂಚೆ ಮುಗೀತಲ್ದಾ?"

ಮುಗೀತು ನಿಜ. ಇಡೀ ರೆಕಾರ್ಡೇ ಹಾಗೆ. ಹನ್ನೆರಡು ಹಾಡು, ಎಲ್ಲಾ ಸೇರಿ ಇಪ್ಪತ್ತೈದೂವರೆ ನಿಮಿಷ. ಸ್ಲೋ ಲೋಕಲ್ಲಿನಲ್ಲಿ ಮುಲುಂಡಿನಲ್ಲಿ ಹಾಕಿದರೆ ಸಾಯನ್ ಬರುವಷ್ಟರಲ್ಲಿ ಹೆಚ್ಚುಕಡಿಮೆ ಖಲಾಸ್. ಆವತ್ತು ನನಗೆ ಮೂವತ್ತೈದು ರೂಪಾಯಿ ಹೋಯಿತಲ್ಲ ಅನ್ನಿಸಿತ್ತು. ಅಲೆಯೂ ಇಲ್ಲ, ಕಾರೂ ಇಲ್ಲ, ಕುಣಿಯುವ ಹಾಗೂ ಇಲ್ಲ. ಗಂಜಿ ಊಟ.

ಈ ಗಂಜಿ ಊಟ ಎಂಥಾ ಹೊತ್ತಿನಲ್ಲಿ ಬಂತು ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಬೀಚ್ ಬಾಯ್ಸ್ ಅಂದರೆ ಕ್ಯಾಲಿಫೋರ್ನಿಯಾದ ಹಾಥಾರ್ನ್ ಊರಿನ ಮೂರು ಜನ ಅಣ್ಣತಮ್ಮಂದಿರು (ಬ್ರಯನ್, ಡೆನ್ನಿಸ್, ಕಾರ್ಲ್), ಅವರ ಸೋದರತ್ತೆಯ ಮಗ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್. ಆಮೇಲೆ ಬ್ರೂಸ್ ಜಾನ್‌ಸ್ಟನ್ ಸೇರಿಕೊಂಡ. 1966ರಲ್ಲಿ 'ಪೆಟ್ ಸೌಂಡ್ಸ್' ಅನ್ನುವ ರೆಕಾರ್ಡು ಮಾಡಿ, ಅದೇ ವರ್ಷ 'ಗುಡ್ ವೈಬ್ರೇಶನ್ಸ್' ಹಾಡನ್ನು ನಂಬರ್ ಒಂದಕ್ಕೆ ಏರಿಸಿ, ಬ್ರಯನ್ ವಿಲ್ಸನ್ ಅಂದರೆ ಏನು ಅಂತ ಲೋಕ ಬಾಯಿಬಿಟ್ಟು ನೋಡುತ್ತಿತ್ತು. ಮುಂದಿನದ್ದು 'ಸ್ಮೈಲ್' ಅನ್ನುವ ದೊಡ್ಡ ಕೆಲಸ. ಅದು 1967ರಲ್ಲಿ ಅರ್ಧಕ್ಕೇ ಬಿದ್ದುಹೋಯಿತು. ಅದೇ ಬೇಸಿಗೆಯಲ್ಲಿ ಮಾಂಟೆರೆ ಪಾಪ್ ಹಬ್ಬಕ್ಕೆ ಬರುತ್ತೇವೆ ಅಂದವರು ಹೋಗಲಿಲ್ಲ. ಅಲ್ಲಿ ಜಿಮಿ ಹೆಂಡ್ರಿಕ್ಸ್ ಬಾರಿಸುತ್ತಿದ್ದ ಗಿಟಾರಿಗೇ ಬೆಂಕಿ ಹಚ್ಚಿದ, ಇವರು ಒಂದೇ ರಾತ್ರಿಯಲ್ಲಿ ಹಳಬರಾದರು.

ಬ್ರಯನ್ ಮನೆಯೊಳಗೇ ಕೂತ. ಲಾಸ್ ಏಂಜಲೀಸಿನ ಬೆಲ್ ಏರ್‌ನಲ್ಲಿದ್ದ ಅವನ ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡರು. 'ಫ್ರೆಂಡ್ಸ್' ಬಹುಪಾಲು ಅಲ್ಲೇ, 1968ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿದದ್ದು.

ಆ ತಿಂಗಳುಗಳನ್ನು ನೆನಪು ಮಾಡಿಕೊಳ್ಳಿ. ವಿಯೆಟ್ನಾಮ್ ಯುದ್ಧ ನಡೀತಾ ಇದೆ. ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆ. ಊರೂರಲ್ಲಿ ಬೆಂಕಿ, ಕರ್ಫ್ಯೂ, ದಕ್ಷಿಣದ ರಾಜ್ಯಗಳಲ್ಲಿ ಇವರ ಕಾರ್ಯಕ್ರಮಗಳೂ ಕೆಟ್ಟವು. ಜೂನ್ 6ಕ್ಕೆ ರಾಬರ್ಟ್ ಕೆನಡಿ ಸತ್ತ. ಜೂನ್ 24ಕ್ಕೆ ಈ ರೆಕಾರ್ಡು ಅಂಗಡಿಗೆ ಬಂತು: ನಾವು ಗೆಳೆಯರು, ಬೆಳಗಾಯಿತು ಏಳಿ, ಹಕ್ಕಿ ನೋಡಿ. ಯಾರು ತೆಗೆದುಕೊಳ್ಳುತ್ತಾರೆ ಹೇಳಿ? ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು ಮುಟ್ಟಿದ ಅತಿ ಮೇಲಿನ ಜಾಗ 126. ಅಲ್ಲಿಯವರೆಗೆ ಅವರ ಯಾವ ರೆಕಾರ್ಡೂ ಅಷ್ಟು ಕೆಳಗೆ ನಿಂತಿರಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ವೇಟಿಂಗ್ ಲಿಸ್ಟ್ 126 ಬಂದರೆ ಏನು ಮಾಡುತ್ತೇವೆ, ಟಿಕೆಟ್ ಕ್ಯಾನ್ಸಲ್ ಮಾಡಿ ಬಸ್ಸು ಹುಡುಕುತ್ತೇವೆ, ಅಲ್ವಾ? ಇಂಗ್ಲೆಂಡಿನಲ್ಲಿ ಮಾತ್ರ 13ನೇ ಸ್ಥಾನ. ಅಲ್ಲಿಯವರಿಗೆ ಇವರ ಮೇಲೆ ಅಕ್ಕರೆ ಜಾಸ್ತಿಯೇ ಇತ್ತು.

ಇನ್ನು ಹೃಷಿಕೇಶದ ಕಥೆ. ನಮ್ಮ ಮಹರ್ಷಿ ಮಹೇಶ್ ಯೋಗಿಯವರು ಇವರಿಗೆ ಸಿಕ್ಕಿದ್ದು 1967ರ ಡಿಸೆಂಬರಿನಲ್ಲಿ, ಪ್ಯಾರಿಸಿನಲ್ಲಿ. 1968ರ ಆರಂಭದಲ್ಲಿ ಮೈಕ್ ಲವ್ ಹೃಷಿಕೇಶಕ್ಕೇ ಬಂದ, ಬೀಟಲ್ಸ್ ಇದ್ದಾಗಲೇ. ಅವನು ಇಲ್ಲಿ ಕಣ್ಣು ಮುಚ್ಚಿ ಕೂತಾಗ ಅಲ್ಲಿ ಉಳಿದವರು ರೆಕಾರ್ಡಿಂಗ್ ಶುರು ಮಾಡಿದ್ದರು. ಹೃಷಿಕೇಶದಲ್ಲಿ ಮಾಲೀಶು ಮಾಡುತ್ತಿದ್ದ ಹೆಂಗಸಿನ ಮೇಲೆ ಒಂದು ಹಾಡೂ ಇದೆ, 'ಆನಾ ಲೀ, ದ ಹೀಲರ್'. ಚೆನ್ನಾಗಿದೆ, ಪಿಯಾನೋ, ಬೇಸು, ಕೈಯಲ್ಲಿ ಬಾರಿಸುವ ಡ್ರಮ್ಮು ಬಿಟ್ಟರೆ ಹಿಂದೆ ಹೆಚ್ಚೇನೂ ಇಲ್ಲ, ಗಂಟಲುಗಳದ್ದೇ ಕೆಲಸ.

ಮೈಕ್ ವಾಪಸ್ ಹೋಗಿ ಒಂದು ಐಡಿಯಾ ಹಾಕಿದ. ಬೀಚ್ ಬಾಯ್ಸ್ ಮತ್ತು ಮಹರ್ಷಿ, ಒಂದೇ ವೇದಿಕೆಯಲ್ಲಿ, ಅಮೆರಿಕ ಪ್ರವಾಸ! ಮೇ ತಿಂಗಳಲ್ಲಿ ಹೊರಟೇಬಿಟ್ಟರು. ಮೊದಲು ಹಾಡು, ಆಮೇಲೆ ಸ್ವಾಮಿಗಳ ಪ್ರವಚನ. ಮುಂಬಯಿಯ ಕನ್ನಡ ಸಂಘಗಳಿಗೆ ಹೋಗಿ ಅಭ್ಯಾಸ ಇರುವವರಿಗೆ ಮುಂದೇನಾಯಿತು ಅಂತ ಹೇಳಬೇಕಾಗಿಲ್ಲ. ಯಕ್ಷಗಾನ ಅಂತ ಕರೆದು ಒಂದೂವರೆ ಗಂಟೆ ಸಭಾ ಕಾರ್ಯಕ್ರಮ ಇಟ್ಟರೆ ಜನ ಬಟಾಟೆವಡೆ ಕಡೆಗೆ ಜಾರಿಕೊಳ್ಳುತ್ತಾರಲ್ಲ, ಹಾಗೇ. ವ್ಯತ್ಯಾಸ ಇಷ್ಟೇ, ನಮ್ಮವರು ಬುದ್ಧಿವಂತರು, ಸಭೆಯನ್ನು ಮೊದಲು ಇಡುತ್ತಾರೆ, ಆಟಕ್ಕೋಸ್ಕರ ಜನ ಕಾಯಲೇಬೇಕು. ಅಲ್ಲಿ ಆಟ ಮೊದಲು ಮುಗೀತು, ಜನ ಎದ್ದು ಹೋದರು. ಕೆಲವೇ ಊರು ಆಗುವಷ್ಟರಲ್ಲಿ ಪ್ರವಾಸವೇ ರದ್ದು, ದುಡ್ಡೂ ಹೋಯಿತು.

ಆ ಭಕ್ತಿಯ ಫಲ ಈ ರೆಕಾರ್ಡಿನ ಕೊನೇ ಹಾಡು. ಹೆಸರೇ 'ಟ್ರಾನ್ಸೆಂಡೆಂಟಲ್ ಮೆಡಿಟೇಶನ್'. ಧ್ಯಾನದ ಮೇಲಿನ ಹಾಡು ಅಂದರೆ ಒಂದು ತಂಬೂರಿ, ಒಂದಿಷ್ಟು ಮೌನ ಅಂತ ನಾವು ಎಣಿಸುತ್ತೇವೆ. ಇವರು ಸ್ಯಾಕ್ಸೋಫೋನು, ತುತ್ತೂರಿ ಎಲ್ಲ ಒಟ್ಟಿಗೆ ಊದಿಸಿ ದಾದರಿನ ಮದುವೆ ವರಾತ್ ಮೆರವಣಿಗೆ ಮಾಡಿದ್ದಾರೆ. ಇಡೀ ರೆಕಾರ್ಡಿನಲ್ಲಿ ಜಾಸ್ತಿ ಗಲಾಟೆ ಇರುವುದು ಶಾಂತಿಯ ಹಾಡಿನಲ್ಲಿ. ನನಗೆ ಇವತ್ತಿಗೂ ಇದು ಇಷ್ಟವಿಲ್ಲ. ಎರಡು ನಿಮಿಷದ ಒಳಗೆ ಮುಗಿಯುತ್ತದೆ, ಅದೊಂದೇ ಪುಣ್ಯ.

ಸರಿ, ನಾನು ಇದನ್ನು ಯಾಕೆ ಇಟ್ಟುಕೊಂಡೆ ಅಂತ ಹೇಳಬೇಕು. ಒಂದು ಹಾಡಿಗೋಸ್ಕರ. 'ಬಿಜಿ ಡೂಯಿನ್ ನಥಿಂಗ್'. ಏನೂ ಮಾಡದೆ ಇರುವುದರಲ್ಲೇ ಬಿಜಿ.

ಬ್ರಯನ್ ಒಬ್ಬನೇ ಬರೆದು ಒಬ್ಬನೇ ಹಾಡಿದ್ದು, ಹಿಂದೆ ಹೆಂಡತಿ ಮ್ಯಾರಿಲಿನ್ ದನಿ ಸ್ವಲ್ಪ ಸೇರಿಕೊಳ್ಳುತ್ತದೆ. ಬ್ರೆಜಿಲಿನ ಬೋಸಾ ನೋವಾ ತಾಳ, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುವ ಹಾಗೆ, ಆದರೆ ಕೆಳಗೆ ಸ್ವರಗಳು ಎಲ್ಲಿಂದೆಲ್ಲಿಗೋ ಹೋಗಿ ಬರುತ್ತವೆ, ಹಾರ್ಮೋನಿಯಂ ಹಿಡಿದು ಕೂತು ಅದನ್ನು ಹುಡುಕಲು ಹೋಗಿ ನಾನು ಸೋತಿದ್ದೇನೆ. ಸಾಹಿತ್ಯ ಏನು ಅಂದರೆ, ಏನೂ ಇಲ್ಲ. ಗೆಳೆಯನಿಗೆ ಫೋನ್ ಮಾಡಬೇಕು, ನಂಬರು ಬರೆದಿಟ್ಟದ್ದು ಕಳೆದುಹೋಗಿದೆ, ಯೋಚನೆ ಮಾಡಿ ಮಾಡಿ ನೆನಪಿಗೆ ಬಂತು, ಫೋನ್ ಮಾಡಿದರೆ ಎತ್ತುವವರಿಲ್ಲ, ಹೋಗಲಿ ಅಂತ ಪೆನ್ಸಿಲು ಚೂಪು ಮಾಡಿ ಕಾಗದ ಬರೆದ. ಇಷ್ಟೇ. ಇಷ್ಟನ್ನು ಹಾಡು ಮಾಡಬಹುದು ಅಂತ ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಅದಕ್ಕೂ ಮುಂಚೆ ತನ್ನ ಮನೆಗೆ ಬರುವ ದಾರಿ ಹೇಳುತ್ತಾನೆ. ಎರಡು ಮೈಲಿ ಬನ್ನಿ, ಬೋರ್ಡು ಕಾಣುತ್ತದೆ, ಎಡಕ್ಕೆ ತಿರುಗಿ, ಹೀಗೆ. ಸುಮ್ನೆ ಪ್ರಾಸಕ್ಕೆ ಹೇಳಿದ್ದಲ್ಲ, ಬೆಲ್ ಏರ್ ಮನೆಗೆ ನಿಜವಾಗಿ ಹೋಗಬೇಕಾದ ದಾರಿಯೇ ಅದು ಅನ್ನುತ್ತಾರೆ.

ನನ್ನ ರೆಕಾರ್ಡಿನಲ್ಲಿ ಸರಿಯಾಗಿ ಅಲ್ಲೇ ಒಂದು ಗೀರು ಇತ್ತು. ಎಡಕ್ಕೆ ತಿರುಗಿ ಅನ್ನುವಲ್ಲಿ ಸೂಜಿ ಸಿಕ್ಕಿಕೊಳ್ಳುತ್ತಿತ್ತು. ಟಕ್, ಎಡಕ್ಕೆ. ಟಕ್, ಎಡಕ್ಕೆ. ಖೋಲಿಯಲ್ಲಿದ್ದ ಇನ್ನೊಬ್ಬ ಹುಡುಗ ಹೇಳಿದ, "ಇವ ಎಡಕ್ಕೆ ತಿರುಗಿ ತಿರುಗಿ ವಾಪಸ್ ಸ್ಟೇಶನ್ನಿಗೇ ಬಂದ ಮಾರಾಯ." ಮಾವನ ಹತ್ತಿರ ಇದಕ್ಕೆ ಮದ್ದಿತ್ತು. ಒಂದು ನಾಲ್ಕಾಣೆ ನಾಣ್ಯ ತೆಗೆದು ಸೂಜಿ ಇರುವ ತಲೆಯ ಮೇಲೆ ಸೆಲ್ಲೋಟೇಪಿನಲ್ಲಿ ಅಂಟಿಸಿದರು. ಭಾರಕ್ಕೆ ಸೂಜಿ ಗೀರು ದಾಟಿತು. ದಾಟಿತು ಅಂದರೆ, ಹಾರಿತು. ಎಡಕ್ಕೆ ತಿರುಗಿ ಅಂದವನು ಮರುಕ್ಷಣ ಮನೆಯೊಳಗೇ ಇರುತ್ತಿದ್ದ. ನಡುವಿನ ದಾರಿ ಮಾಯ.

ಹೀಗೆ ಹಾರುವ ಹಾಡನ್ನೇ ನಾನು ಹತ್ತು ಹದಿನೈದು ವರ್ಷ ಕೇಳಿದ್ದು. ಅಷ್ಟರಲ್ಲಿ ನಾನೇ ಮುಂಬಯಿಯಲ್ಲಿ ದಾರಿ ಹೇಳುವುದರಲ್ಲಿ ಪಳಗಿಹೋಗಿದ್ದೆ. ಈ ಊರಿನಲ್ಲಿ ಅಡ್ರೆಸ್ ಅಂದರೆ ಕಾಗದಕ್ಕೆ ಮಾತ್ರ, ಮನುಷ್ಯರಿಗೆ ದಾರಿಯನ್ನೇ ಹೇಳಬೇಕು. ಕುಂದಾಪುರದಿಂದ ಬರುವ ಎಲ್ಲರಿಗೂ ಹೇಳಿದ್ದು ಇದನ್ನೇ: "ಸ್ಲೋ ಟ್ರೈನು ಹಿಡೀರಿ, ಫಾಸ್ಟು ಹತ್ತಿ ಠಾಣೆಗೆ ಹೋಗ್ಬೇಡಿ. ಮುಲುಂಡಿನಲ್ಲಿ ಇಳಿದು ಪೂರ್ವ, ಪೂರ್ವ ಅಂದ್ರೆ ಈಸ್ಟು, ಅಲ್ಲಿ ಇಳಿದ ಕೂಡ್ಲೇ ಹೂವಿನವಳು ಕೂತಿರ್ತಾಳೆ, ಅವಳನ್ನ ಬಿಟ್ಟು ಮುಂದೆ ಬನ್ನಿ, ದೊಡ್ಡ ಅರಳಿ ಮರ, ಅದರ ಎದುರಿನ ಹಳದಿ ಬಿಲ್ಡಿಂಗು." ಹೂವಿನವಳು ಹೋಗಿ ಅವಳ ಸೊಸೆ ಬಂದಳು. ಬಿಲ್ಡಿಂಗು ಹಳದಿ ಹೋಗಿ ಬಿಳಿ ಆಯಿತು, ನಾನು ಮಾತ್ರ ಹಳದಿ ಅಂತಲೇ ಹೇಳುತ್ತಿದ್ದೆ, ಎಷ್ಟೋ ಜನ ಅಲ್ಲೇ ನಿಂತು ಫೋನ್ ಮಾಡಿ ಬೈದಿದ್ದಾರೆ.

2018ರ ಕೊನೆಗೆ ಕಂಪೆನಿಯವರು 'ಫ್ರೆಂಡ್ಸ್' ಸಮಯದ ಹಳೇ ಟೇಪುಗಳನ್ನೆಲ್ಲ ಹೊರಗೆ ಬಿಟ್ಟರು. ಆ ನೆಪದಲ್ಲಿ ಮೂಲ ರೆಕಾರ್ಡನ್ನೂ ಫೋನಿನಲ್ಲಿ ಕೇಳೋಣ ಅಂತ ಇಯರ್‌ಫೋನ್ ಹಾಕಿಕೊಂಡು ಲೋಕಲ್ ಹತ್ತಿದೆ. ಬೆಳಗಿನ ಹೊತ್ತು, ನಿಂತೇ ಇದ್ದೆ. ಹಾಡು ಬಂತು, ಎಡಕ್ಕೆ ತಿರುಗಿ ಅಂದ, ನಾನು ಹಾರುವುದಕ್ಕೆ ತಯಾರಾದೆ. ಹಾರಲಿಲ್ಲ. ಕುರ್ಲಾದಲ್ಲಿ ನಿಲ್ಲಬೇಕಾದ ಗಾಡಿ ನಿಲ್ಲದೆ ಹೋದ ಹಾಗೆ ಆಯಿತು. ಅವನು ತನ್ನ ಪಾಡಿಗೆ ಹೇಳುತ್ತಾ ಹೋದ. ಆಮೇಲೆ ಒಂದು ಸಣ್ಣ ರಸ್ತೆ, ಗುಂಡಿ ಗುಂಡಿ. ಒಂದು ಬಿಳಿ ಬೇಲಿ. ಗೇಟು ತೆಗೆದು ಎಡಗಡೆಯಿಂದ ಒಳಗೆ ಬನ್ನಿ. ಇಪ್ಪತ್ತೆರಡು ವರ್ಷ ನನಗೆ ಆ ಬೇಲಿ ಇದೆ ಅಂತಲೇ ಗೊತ್ತಿರಲಿಲ್ಲ ನೋಡಿ. ಭಾಂಡುಪ್ ಮತ್ತು ಕಾಂಜೂರಿನ ನಡುವೆ, ಯಾರದ್ದೋ ಬ್ಯಾಗು ನನ್ನ ಬೆನ್ನಿಗೆ ಒತ್ತಿಕೊಂಡಿರುವಾಗ, ಬೆಲ್ ಏರಿನ ಗೇಟು ಸಿಕ್ಕಿತು.

ಇನ್ನೊಂದು ವಿಷಯವೂ ಆವತ್ತೇ ತಿಳಿಯಿತು. ಫಿಯೆಸ್ಟಾಕ್ಕೆ ಒಂದೇ ಸ್ಪೀಕರು. ಇಯರ್‌ಫೋನಿನಲ್ಲಿ ಹಾಡುಗಳು ಎರಡೂ ಕಡೆಗೆ ಬಿಡಿಸಿಕೊಂಡವು. ಬ್ರಯನ್‌ಗೆ ಬಲಗಿವಿ ಹೆಚ್ಚುಕಮ್ಮಿ ಕೇಳಿಸುತ್ತಿರಲಿಲ್ಲ, 'ಪೆಟ್ ಸೌಂಡ್ಸ್' ಅಂಥದ್ದನ್ನೂ ಅವನು ಮೋನೋದಲ್ಲೇ, ಅಂದರೆ ಎರಡೂ ಕಿವಿಗೆ ಒಂದೇ ದನಿ ಬರುವ ಹಾಗೆ ಮಾಡಿದ್ದು. 'ಫ್ರೆಂಡ್ಸ್' ಮಾತ್ರ ಸ್ಟೀರಿಯೋದಲ್ಲಿ ಬಂತು. ಈ ರೆಕಾರ್ಡನ್ನು ಅರ್ಧ ಮಾತ್ರ ಕೇಳಿದವರು ಇಬ್ಬರು ಅನ್ನಿ, ಮಾಡಿದ ಬ್ರಯನ್, ಕೊಂಡುಕೊಂಡ ನಾನು.

ಬೇರೆ ಹಾಡುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 'ಫ್ರೆಂಡ್ಸ್' ಅನ್ನುವ ಹಾಡು ಮೂರರ ನಡೆಯಲ್ಲಿದೆ, ತೊಟ್ಟಿಲು ತೂಗುವ ಹಾಗೆ. 'ವೆನ್ ಎ ಮ್ಯಾನ್ ನೀಡ್ಸ್ ಎ ವುಮನ್' ಹುಟ್ಟಲಿರುವ ಮಗುವಿನ ಮೇಲೆ. ಬ್ರಯನ್‌ನ ಮೊದಲ ಮಗಳು ಆ ಏಪ್ರಿಲಿನಲ್ಲಿ ಹುಟ್ಟಿದಳು. 'ಪಾಸಿಂಗ್ ಬೈ'ಗೆ ಪದವೇ ಇಲ್ಲ, ಬರೀ ಗುನುಗು, ನಾನು ಸ್ನಾನ ಮಾಡುವಾಗ ಹಾಡುವುದು ಇದನ್ನೇ, ಮರೆತುಹೋಗುವ ಭಯ ಇಲ್ಲವಲ್ಲ. 'ಡೈಮಂಡ್ ಹೆಡ್' ಹವಾಯಿಯ ಗಿಟಾರು ಎಳೆಯುತ್ತದೆ, ಎಳೆಯುತ್ತಲೇ ಇರುತ್ತದೆ. ಇಪ್ಪತ್ತೈದು ನಿಮಿಷದ ರೆಕಾರ್ಡಿನಲ್ಲಿ ಮೂರೂವರೆ ನಿಮಿಷ ಇದಕ್ಕೆ ಕೊಟ್ಟದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಡೆನ್ನಿಸ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಅಲ್ಲಿಯವರೆಗೆ ಅವನು ಡ್ರಮ್ಮು ಬಾರಿಸುವ ಚಂದದ ಹುಡುಗ, ಮನೆಯ ತುಂಟ. ಇದರಲ್ಲಿ ಸ್ಟೀಫನ್ ಕಾಲಿನಿಚ್ ಅನ್ನುವ ಕವಿಯ ಜೊತೆ ಸೇರಿ ಎರಡು ಹಾಡು ಮಾಡಿದ. 'ಬಿ ಸ್ಟಿಲ್'ನಲ್ಲಿ ಒಂದು ಆರ್ಗನ್ನು, ಒಂದು ಗಂಟಲು, ಅಷ್ಟೇ. ಗಂಟಲು ಚೂರು ಒಡೆದಿದೆ, ಸರಿಮಾಡಲು ಯಾರೂ ಹೋಗಿಲ್ಲ. 'ಲಿಟಲ್ ಬರ್ಡ್'ನಲ್ಲಿ ಮರದ ಮೇಲಿನ ಹಕ್ಕಿ ಕೆಳಗಿನವನಿಗೆ ಏನೋ ಹೇಳುತ್ತದೆ, ಕೆಳಗೆ ಚೆಲ್ಲೋ ಗರಗರ ಅನ್ನುತ್ತದೆ. ಇಡೀ ರೆಕಾರ್ಡಿನಲ್ಲಿ ಬ್ರಯನ್‌ಗೆ ಸರಿಸಮ ನಿಲ್ಲುವುದು ಈ ಒಂದು ಹಾಡು, ಅದೂ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ತಮ್ಮನದ್ದು. ಅಲೆ ಗೊತ್ತಿದ್ದ ಆ ಒಬ್ಬ 1983ರ ಡಿಸೆಂಬರಿನಲ್ಲಿ ನೀರಿನಲ್ಲೇ ಮುಳುಗಿ ಸತ್ತ. ಕಾರ್ಲ್ 1998ರಲ್ಲಿ ಹೋದ. ಬ್ರಯನ್ 2025ರ ಜೂನ್ 11ಕ್ಕೆ. ಬ್ರಯನ್ ಹೋದಾಗ ಎಲ್ಲರೂ 'ಪೆಟ್ ಸೌಂಡ್ಸ್' ಬಗ್ಗೆ ಬರೆದರು, ಬರೆಯಬೇಕಾದದ್ದೇ. ಆದರೆ ತನಗೆ ಇಷ್ಟದ್ದು 'ಫ್ರೆಂಡ್ಸ್' ಅಂತ ಅವನೇ ಹೇಳಿಕೊಂಡದ್ದುಂಟು.

ಇದು ಮಹಾ ಕೃತಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರಿದ್ದಾರೆ, ಅವರು ಡೈಮಂಡ್ ಹೆಡ್ಡನ್ನು ಪೂರ್ತಿ ಕೇಳಿಲ್ಲ. 'ಸ್ಮೈಲ್' ಮಾಡಲು ಹೋಗಿ ಸುಸ್ತಾದ ಒಬ್ಬ ಮನುಷ್ಯ, ಅಡುಗೆಮನೆಯಲ್ಲಿ ಏನಿದೆಯೋ ಅದರಲ್ಲೇ ಮಾಡಿ ಬಡಿಸಿದ ಊಟ ಇದು. ಜ್ವರ ಬಿಟ್ಟ ಮಾರನೇ ದಿನ ಗಂಜಿ ಎಷ್ಟು ರುಚಿ ಅಂತ ನನಗೆ ಇಪ್ಪತ್ತೆರಡರಲ್ಲಿ ಗೊತ್ತಿರಲಿಲ್ಲ, ಯಾಕೆಂದರೆ ಜ್ವರವೇ ಬಂದಿರಲಿಲ್ಲ.

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಫಿಯೆಸ್ಟಾಕ್ಕೆ ಸೆಲ್ ಹಾಕಿ ನೋಡಿದೆ. ತಿರುಗಿತು! ಒಳಗಿನ ಬೆಲ್ಟು ಸಡಿಲ, ಬ್ರಯನ್ ದನಿ ಎಮ್ಮೆಯ ಹಾಗೆ ಬಂತು, ಬೋಸಾ ನೋವಾ ಹೋಗಿ ಭಜನೆ ಆಯಿತು. ಆದರೂ ಎಡಕ್ಕೆ ತಿರುಗಿ ಅಂದಕೂಡಲೇ ಟಕ್ ಅಂತ ಹಾರಿತು. ಸೂಜಿಯ ತಲೆ ಮೇಲೆ ಮಾವ ಅಂಟಿಸಿದ ನಾಲ್ಕಾಣೆ ಹಾಗೇ ಇದೆ, ಟೇಪು ಮಾತ್ರ ಬೆಲ್ಲದ ಬಣ್ಣಕ್ಕೆ ಬಂದಿದೆ. 2011ರಲ್ಲಿ ಸರಕಾರ ನಾಲ್ಕಾಣೆಯನ್ನು ಚಲಾವಣೆಯಿಂದ ತೆಗೆಯಿತು. ಮಾವ ಅದಕ್ಕೂ ಮುಂಚೆಯೇ ತೀರಿಹೋಗಿದ್ದರು.

ಬೆಳಿಗ್ಗೆ ಮಾವನ ಮಗ ಫೋನ್ ಮಾಡಿದ್ದ. ಬಾಡಿಗೆ ಮನೆ ಠಾಣೆಯಲ್ಲಂತೆ, ಹೇಗೆ ಬರುವುದು ಅಂತ. ಬಾಯಿ ತೆರೆದೆ, ಏನೂ ಬರಲಿಲ್ಲ. ಅಲ್ಲಿ ಹೂವಿನವಳು ಇದ್ದಾಳೋ ಮರ ಇದೆಯೋ ನೋಡಿಯೇ ಇಲ್ಲ. "ಲೊಕೇಶನ್ ಕಳಿಸ್ತೇನೆ ಮಾರಾಯ" ಅಂದೆ.

ರೆಕಾರ್ಡು ಹೊಸ ಮನೆಯ ರಾಶಿಗೆ ಹೋಯಿತು. ಫಿಯೆಸ್ಟಾ ಸಮೇತ ಡಿನ್ನರ್ ಸೆಟ್ಟುಗಳ ಡಬ್ಬದಲ್ಲಿ ಇಟ್ಟು ಮೇಲೆ ದಪ್ಪಕ್ಷರದಲ್ಲಿ 'ಗಾಜು' ಅಂತ ಬರೆದಿದ್ದೇನೆ. ಇಲ್ಲದಿದ್ದರೆ ಟೆಂಪೋದ ಹುಡುಗರು ಅದರ ಮೇಲೆ ಗ್ರೈಂಡರ್ ಇಡುತ್ತಾರೆ.